ಐದು ಪಾಯಿಂಟ್ ಒಂದು ಡಿಗ್ರಿ

ಲ್ಯಾಬಿನ ಆಸಿಡ್ ಬೀರುವಿನ ಬಾಗಿಲಿನ ಒಳಮೈಗೆ ನಾನೇ ಅಂಟಿಸಿದ್ದ ಒಂದು ಚೀಟಿ ಇತ್ತು. ಅದರಲ್ಲಿ ಎರಡು ಸಾಲು ಅಂಕಿಗಳು. ಎಡಗಡೆ ೨೬.೦, ೨೬.೪, ೨೭.೦, ೨೭.೫. ಬಲಗಡೆ ೩೨.೮, ೩೩.೩, ೩೩.೮, ೩೪.೪. ಆಮ್ಲವನ್ನೂ ಕ್ಷಾರವನ್ನೂ ಬೆರೆಸಿದಾಗ ಎಷ್ಟು ಶಾಖ ಹೊರಬರುತ್ತದೆ ಎಂದು ಅಳೆಯುವ ಪ್ರಯೋಗಕ್ಕೆ ಅದು ಸಿದ್ಧ ಉತ್ತರ. ನೂರು ಮಿಲಿಲೀಟರ್ ಹೈಡ್ರೋಕ್ಲೋರಿಕ್ ಆಮ್ಲ, ನೂರು ಮಿಲಿಲೀಟರ್ ಕಾಸ್ಟಿಕ್ ಸೋಡಾ ದ್ರಾವಣ. ಮೊದಲಿನ ಉಷ್ಣತೆ ನೋಡಬೇಕು, ಬೆರೆಸಬೇಕು, ಪಾದರಸ ಎಲ್ಲಿಯವರೆಗೆ ಏರಿತು ಎಂದು ಓದಬೇಕು. ಆಮೇಲೆ ಲೆಕ್ಕ. ಪುಸ್ತಕದಲ್ಲಿರುವಂತೆ ಐವತ್ತೇಳು ಕಿಲೋಜೌಲ್ ಆಸುಪಾಸು ಬರಬೇಕು. ನನ್ನ ಚೀಟಿಯಿಂದ ಯಾವ ಜೋಡಿ ಎತ್ತಿಕೊಂಡರೂ ಅಷ್ಟೇ ಬರುತ್ತಿತ್ತು. ಮಕ್ಕಳೆಲ್ಲ ಒಂದೇ ಜೋಡಿ ಬರೆದುಕೊಂಡರೆ ಕಾಪಿ ಹೊಡೆದಂತೆ ಕಾಣುತ್ತದೆ ಎಂದು ಹಳೆಯ ರೆಕಾರ್ಡ್ ಪುಸ್ತಕಗಳಿಂದ ನಾಲ್ಕು ಜೋಡಿ ಆರಿಸಿದ್ದೆ. ಅಷ್ಟು ಬುದ್ಧಿ ಖರ್ಚು ಮಾಡಿದ್ದೆ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಲ್ಯಾಬ್ ಅಟೆಂಡರ್ ಆಗಿದ್ದೆ. ಈ ಚೀಟಿಯನ್ನು ನಂಜನಗೂಡಿನ ಶಾಲೆಯಿಂದ ವರ್ಗವಾಗಿ ಬರುವಾಗ ಟಿ. ನರಸೀಪುರಕ್ಕೆ ಹೊತ್ತು ತಂದೆ. ಹೈಸ್ಕೂಲೂ ಪಿಯುಸಿಯೂ ಒಂದೇ ಕಾಂಪೌಂಡಿನಲ್ಲಿದ್ದ ಸರ್ಕಾರಿ ಶಾಲೆ ಅದು. ನಾನು ಬರೆಯಹೊರಟಿರುವುದು ಅಲ್ಲಿ ನನ್ನ ನಿವೃತ್ತಿಗೆ ಎರಡು ತಿಂಗಳಿದ್ದಾಗ ನಡೆದ ಹದಿಮೂರು ದಿನಗಳ ಸಂಗತಿ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ.

ಚೀಟಿಗಿಂತ ದೊಡ್ಡ ತಪ್ಪು ಚೀಟಿಯ ಕೆಳಗಿನ ಕ್ಯಾನಿನಲ್ಲಿತ್ತು. ಹತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನು, ಅದರಲ್ಲಿ ಕಾಸ್ಟಿಕ್ ಸೋಡಾ ದ್ರಾವಣ. ಲೀಟರಿಗೆ ನಲವತ್ತು ಗ್ರಾಮಿನಂತೆ ತೂಕ ಹಾಕಿ ಮಾಡಬೇಕು. ವರ್ಷದ ಆರಂಭದಲ್ಲಿ ಹಾಗೆಯೇ ಮಾಡುತ್ತಿದ್ದೆ. ಆದರೆ ಕಾಸ್ಟಿಕ್ ಸೋಡಾದ ಕಾಳುಗಳು ಗಾಳಿಯ ತೇವ ಹೀರಿ ಬೆಲ್ಲದ ಅಚ್ಚಿನ ಹಾಗೆ ಅಂಟಿಕೊಳ್ಳುತ್ತವೆ. ಒಡೆದು ತೂಗುವುದು ಕಷ್ಟ, ಕೈ ಸುಡುತ್ತದೆ. ಕ್ಯಾನು ಸ್ವಲ್ಪ ಇಳಿದಾಗ ನಾನು ನಲ್ಲಿಯ ಕೆಳಗೆ ಹಿಡಿದು ನೀರು ತುಂಬಿಸಿಬಿಡುತ್ತಿದ್ದೆ. ಹನಿ ಹನಿಯಾಗಿ ಬಿಟ್ಟು ದ್ರಾವಣದ ಬಲ ಅಳೆಯುವ ಟೈಟ್ರೇಷನ್ನಿಗೆ ಬೇರೆ ಬಾಟಲಿ, ಅದನ್ನು ಕೆಮಿಸ್ಟ್ರಿ ಮೇಡಂ ತಾವೇ ನೋಡಿಕೊಳ್ಳುತ್ತಿದ್ದರು. ಶಾಖದ ಪ್ರಯೋಗಕ್ಕೆ ಈ ಕ್ಯಾನು. ಹೇಗೂ ಉತ್ತರ ಬಾಗಿಲ ಮೇಲಿದೆ, ಒಳಗೆ ಏನಿದ್ದರೇನು?

ಮಕ್ಕಳಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಈ ಮಾತನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಒಂದು ಸೋಮವಾರ ದ್ವಿತೀಯ ಪಿಯುಸಿಯ ಮೂವತ್ತೆರಡು ಮಕ್ಕಳು ಈ ಪ್ರಯೋಗ ಮಾಡಿದರು. ಹೊಸದಾಗಿ ಬಂದಿದ್ದ ಕೆಮಿಸ್ಟ್ರಿ ಮೇಡಂ ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ವಯಸ್ಸು ಚಿಕ್ಕದು, ಮಾತು ಕಡಿಮೆ, ಕೆಲಸ ಕಟ್ಟುನಿಟ್ಟು. ಸಂಜೆ ರೆಕಾರ್ಡ್ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಸಹಿ ಹಾಕುತ್ತಾ ಹೋದವರು ಒಂದರ ಮುಂದೆ ಪೆನ್ನು ನಿಲ್ಲಿಸಿದರು. ಸೋಸಲೆಯಿಂದ ಬರುತ್ತಿದ್ದ ಹುಡುಗಿಯದು.

"ಏನಮ್ಮ ಇದು, ನಲವತ್ತೆರಡು ಪಾಯಿಂಟ್ ಆರು?"

"ಬಂದಿದ್ದು ಅಷ್ಟೇ ಮೇಡಂ."

"ಎಲ್ಲರಿಗೂ ಐವತ್ತೇಳು ಬಂದಿದೆ. ನಿನ್ನೊಬ್ಬಳಿಗೆ ಯಾಕೆ ಬರಲಿಲ್ಲ?"

"ಗೊತ್ತಿಲ್ಲ ಮೇಡಂ. ಐದು ಪಾಯಿಂಟ್ ಒಂದು ಡಿಗ್ರಿ ಏರ್ತು. ಅಲ್ಲೇ ನಿಂತ್ಕತ್ತು."

ಹಿಂದಿನ ಬೆಂಚಿನಿಂದ ಒಬ್ಬ ಪಿಸುಗುಟ್ಟಿದ: "ಲೇ, ಅವ್ಳ ಥರ್ಮಾಮೀಟ್ರಿಗೆ ಚಳಿ ಜ್ವರ ಕಣ್ಲಾ." ಎಲ್ಲ ನಕ್ಕರು. ಹುಡುಗಿ ನಗಲಿಲ್ಲ.

ಮೇಡಂ ಪುಸ್ತಕ ಮುಚ್ಚಿದರು. "ಈ ಪುಟಕ್ಕೆ ಸಹಿ ಹಾಕಲ್ಲ. ಗಮನ ಇಟ್ಟು ಮತ್ತೆ ಮಾಡು. ಮುಂದಿನ ವಾರದ ಶನಿವಾರ ರೆಕಾರ್ಡ್ ಮುಗಿಯಬೇಕು. ಒಂದು ಪುಟ ಬಾಕಿ ಇದ್ದರೂ ಸರ್ಟಿಫಿಕೇಟ್ ಬರೆಯೋಕಾಗಲ್ಲ. ಗೊತ್ತಲ್ಲ?"

ಗೊತ್ತಿತ್ತು. ಸರ್ಟಿಫಿಕೇಟ್ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವಂತಿಲ್ಲ. ಪ್ರಾಕ್ಟಿಕಲ್ ಇಲ್ಲದಿದ್ದರೆ ಆ ವರ್ಷವೇ ಹೋದಂತೆ.

ಎಲ್ಲರೂ ಹೋದ ಮೇಲೆ ಹುಡುಗಿ ಬೀಕರ್ ತೊಳೆಯಲು ಸಿಂಕಿನ ಹತ್ತಿರ ಬಂದಳು. ನಾನು ಬೀರುವಿನ ಬಾಗಿಲು ಸ್ವಲ್ಪ ತೆರೆದು, "ನೋಡ್ಕೊಂಡು ಬರ್ಕೊಳವ್ವ. ಯಾಕೆ ಸುಮ್ನೆ ತ್ರಾಸ ತಕ್ಕತೀಯ?" ಎಂದೆ.

"ನಾನು ಕಾಣ್ದೇ ಇದ್ದುದ್ದ ಹೆಂಗ್ ಬರೀಲಿ ಸಾ?"

"ಎಲ್ಲಾ ಬರ್ಕೊಂಡವ್ರಲ್ಲ."

"ಅದ್ಕೇ ಸುಮ್ನಿವ್ನಿ. ನಾನು ಬಾಯ್ಬಿಟ್ರೆ ಮೂವತ್ತೊಂದು ಜನ್ರ ರೆಕಾರ್ಡೂ ಓಯ್ತದೆ, ನಿಮ್ದೂ ಓಯ್ತದೆ." ಬೀಕರನ್ನು ಬೋರಲು ಹಾಕಿ, ಕೈ ಒರೆಸಿಕೊಂಡು ಹೋದಳು.

ಮಂಗಳವಾರ ಮೇಡಂ ಎದುರಿಗೇ ಮತ್ತೆ ಮಾಡಿದಳು. ಮೇಡಂ ಸ್ವತಃ ಥರ್ಮಾಮೀಟರ್ ನೋಡಿದರು. ಐದು ಪಾಯಿಂಟ್ ಒಂದು. ಮೇಡಂ ಹುಬ್ಬು ಗಂಟಿಕ್ಕಿ, "ಅಳತೆ ಜಾಡಿ ಹಿಡಿಯೋದ್ರಲ್ಲಿ ಏನೋ ಹೆಚ್ಚುಕಮ್ಮಿ ಮಾಡ್ತಿದ್ದೀಯ" ಎಂದರು. ಮೂವತ್ತೊಂದು ಜನರ ಪುಸ್ತಕ ಒಂದು ಕಡೆ, ಒಬ್ಬಳ ಕಣ್ಣು ಇನ್ನೊಂದು ಕಡೆ. ಅವರಾದರೂ ಯಾವುದನ್ನು ನಂಬಿಯಾರು?

ಆ ಸಂಜೆ ನನಗೊಂದು ಉಪಾಯ ಹೊಳೆಯಿತು. ಹೊಳೆಯಿತು ಎನ್ನುವುದಕ್ಕಿಂತ ಹೇಡಿತನ ದಾರಿ ತೋರಿಸಿತು ಎನ್ನಬೇಕು. ಯಾರಿಗೂ ಹೇಳದೆ ಹೊಸ ದ್ರಾವಣ ಮಾಡಿಟ್ಟರೆ ಹುಡುಗಿಗೆ ಸರಿಯಾದ ಉತ್ತರ ಬರುತ್ತದೆ, ಮೇಡಂ ಸಹಿ ಹಾಕುತ್ತಾರೆ, ನನ್ನ ಮಾತು ಎಲ್ಲೂ ಬರುವುದಿಲ್ಲ. ಬುಧವಾರ ಸಂಜೆ ಬಾಗಿಲು ಹಾಕಿಕೊಂಡು, ಅಂಟಿದ ಕಾಳುಗಳನ್ನು ಗಾಜಿನ ಕಡ್ಡಿಯಿಂದ ಒಡೆದು, ನಲವತ್ತು ಗ್ರಾಂ ತೂಗಿ ಒಂದು ಲೀಟರ್ ಮಾಡಿದೆ. ಹಳೆಯ ಕ್ಯಾನನ್ನು ಮೇಜಿನ ಕೆಳಕ್ಕೆ ತಳ್ಳಿದೆ.

ಗುರುವಾರ ಹುಡುಗಿ ಮೂರನೆಯ ಸಲ ಮಾಡಿದಳು. ಮೇಡಂ ಬೋರ್ಡಿನ ಹತ್ತಿರ ಇದ್ದರು, ನಾನು ಪಕ್ಕದಲ್ಲೇ ನಿಂತಿದ್ದೆ. ಪಾದರಸ ಏರಿತು. ಐದೂವರೆ ದಾಟಿತು. ಐದು ಪಾಯಿಂಟ್ ಒಂಬತ್ತಕ್ಕೆ ನಿಂತುಬಿಟ್ಟಿತು.

ನಲವತ್ತೊಂಬತ್ತು ಪಾಯಿಂಟ್ ಮೂರು.

ಮೇಡಂ ಬಂದು ಲೆಕ್ಕ ನೋಡಿದರು. "ಮೊನ್ನೆ ನಾನು ನೋಡಿದಾಗ ನಲವತ್ತೆರಡು. ಇವತ್ತು ನಲವತ್ತೊಂಬತ್ತು. ಸಾಮಾನು ಅದೇ, ದ್ರಾವಣ ಅದೇ. ದಿನಕ್ಕೊಂದು ಉತ್ತರ ಬರ್ತಾ ಇದೆ ಅಂದ್ರೆ ನೀನು ನೋಡಿ ಬರೀತಿದ್ದೀಯೋ, ತೋಚಿದ್ದು ಬರೀತಿದ್ದೀಯೋ?"

ಮೂರು ದಿನ ಜಗ್ಗದೆ ನಿಂತಿದ್ದವಳು ಆಗ ಅತ್ತಳು. ಶಬ್ದವಿಲ್ಲದೆ, ಥರ್ಮಾಮೀಟರನ್ನು ಕೈಯಲ್ಲಿ ಹಿಡಿದುಕೊಂಡೇ. ಅದನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟ ಮೇಲೆಯೇ ಕಣ್ಣೊರೆಸಿಕೊಂಡಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ನನ್ನ ಗುಟ್ಟಿನ ರಿಪೇರಿ ಅವಳನ್ನು ಸುಳ್ಳಿಯನ್ನಾಗಿ ಮಾಡಿತ್ತು. ಮೊದಲು ಅಜಾಗರೂಕತೆಯ ಆರೋಪ ಮಾತ್ರ ಇತ್ತು.

ಅವತ್ತು ಮನೆಗೆ ಹೋಗಲು ನಂಜನಗೂಡಿನ ಬಸ್ಸಿನಲ್ಲಿ ಕುಳಿತಾಗ ಹಳೆಯದೊಂದು ಮುಖ ನೆನಪಾಯಿತು. ನಂಜನಗೂಡಿನ ಶಾಲೆಯಲ್ಲಿ, ಹದಿನಾರು ಎಂಬ ಊರಿನ ಕಡೆಯ ಒಬ್ಬ ಹುಡುಗ ಇದೇ ಪ್ರಯೋಗದಲ್ಲಿ ಕಡಿಮೆ ಉತ್ತರ ತಂದು, "ಯಾಕ್ ಸಾ ಇಂಗಾಯ್ತದೆ?" ಎಂದು ನನ್ನನ್ನು ಕೇಳಿದ್ದ. "ಪುಸ್ತಕದಲ್ಲಿರೋದ ಬರಿಯಪ್ಪ" ಎಂದಿದ್ದೆ. ಬರೆದ. ಮತ್ತೆಂದೂ 'ಯಾಕೆ' ಎಂದು ಕೇಳಲಿಲ್ಲ. ಅಂಥವರು ಎಷ್ಟು ಮಂದಿಯೋ. ಅವರನ್ನೆಲ್ಲ ಹುಡುಕಿಕೊಂಡು ಹೋಗಲು ನನ್ನಿಂದಾಗದು. ಈ ಒಬ್ಬಳು ಇನ್ನೂ ಲ್ಯಾಬಿನಲ್ಲೇ ಇದ್ದಾಳೆ ಎನ್ನಿಸಿತು. ಬಸ್ಸು ಇಳಿಯುವಷ್ಟರಲ್ಲಿ ನಿರ್ಧಾರ ಮಾಡಿದ್ದೆ.

ಶುಕ್ರವಾರ ಬೆಳಿಗ್ಗೆ ಮೇಡಂ ಬರುವ ಮೊದಲೇ ಹಳೆಯ ಕ್ಯಾನನ್ನು ಮೇಜಿನ ಮೇಲೆ ಇಟ್ಟೆ. ಚೀಟಿ ಕಿತ್ತು ಅದರ ಪಕ್ಕದಲ್ಲಿಟ್ಟೆ. ಅವರು ಬಂದು ಬ್ಯಾಗು ಇಳಿಸುವ ಮೊದಲೇ, "ಮೇಡಂ, ಆ ಮಗುದು ತಪ್ಪಿಲ್ಲ. ತಪ್ಪು ನಂದು" ಎಂದು ಶುರುಮಾಡಿ, ನೀರು ಹೊಯ್ದದ್ದು, ಚೀಟಿ ತೋರಿಸುತ್ತಿದ್ದದ್ದು, ಬುಧವಾರ ಕದ್ದು ಹೊಸ ದ್ರಾವಣ ಮಾಡಿದ್ದು, ಎಲ್ಲ ಹೇಳಿದೆ.

ಅವರು ಚೀಟಿಯನ್ನು ಎತ್ತಿ ಎರಡೂ ಸಾಲು ಓದಿದರು. "ಎಷ್ಟು ವರ್ಷದಿಂದ?"

"ನಂಜನಗೂಡಿಂದ ಮೇಡಂ."

"ಅದು ವರ್ಷ ಅಲ್ಲ, ಊರು."

"ಇಪ್ಪತ್ತು ವರ್ಷದ ಮೇಲಾಯ್ತು ಮೇಡಂ."

ಅವರು ಕುರ್ಚಿಯಲ್ಲಿ ಕುಳಿತರು. ಬಯ್ಯುತ್ತಾರೆ ಎಂದುಕೊಂಡಿದ್ದೆ. "ನಾನು ಆ ಹುಡುಗಿಗೆ ಸುಳ್ಳು ಬರೀತಿದ್ದೀಯ ಅಂದೆ" ಎಂದಷ್ಟೇ ಅಂದರು. ಆಮೇಲೆ, "ಪ್ರಿನ್ಸಿಪಾಲರಿಗೆ ನಾನು ಹೇಳಬೇಕಾ, ನೀವು ಹೇಳ್ತೀರಾ?"

"ನಾನೇ ಹೇಳ್ತೀನಿ."

ಪ್ರಿನ್ಸಿಪಾಲರು ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಎರಡು ತಿಂಗಳಿಗೆ ರಿಟೈರ್ ಆಗ್ತಿದ್ದೀರಲ್ರೀ. ಸುಮ್ನಿದ್ದಿದ್ರೆ ಏನಾಗ್ತಿತ್ತು ನಿಮಗೆ?" ಎಂದರು.

"ನನಗೇನೂ ಆಗ್ತಿರಲಿಲ್ಲ ಸಾರ್. ಅದಕ್ಕೇ ಬಂದೆ."

ಲಿಖಿತ ಹೇಳಿಕೆ ಕೊಡಿ ಎಂದರು, ಕೊಟ್ಟೆ. ಮೆಮೊ ಕೊಟ್ಟರು, ತೆಗೆದುಕೊಂಡು ಸಹಿ ಹಾಕಿದೆ. ಅದು ನನ್ನ ಸೇವಾ ಪುಸ್ತಕದಲ್ಲಿ ಈಗಲೂ ಇದೆ.

ಮಧ್ಯಾಹ್ನ ತರಗತಿಯಲ್ಲಿ ನಿಂತು ಮಕ್ಕಳ ಮುಂದೆ ಹೇಳುವುದು ಮಾತ್ರ ಮೆಮೊಗಿಂತ ಕಷ್ಟವಾಯಿತು. ಮುಗಿಸಿ ಪಕ್ಕಕ್ಕೆ ಸರಿದೆ. ಮೇಡಂ ಎದ್ದು, "ಮೂವತ್ತೊಂದು ಪುಟದ ನನ್ನ ಸಹಿ ವಾಪಸ್ ತಗೊಂಡಿದ್ದೀನಿ. ಎಲ್ಲರೂ ಮತ್ತೆ ಮಾಡಬೇಕು. ಅದಕ್ಕೆ ಮೊದಲು ನಮ್ಮ ಲ್ಯಾಬಲ್ಲಿ ಇದನ್ನ ನಿಜವಾಗಿ ಅಳೆಯೋಕಾಗುತ್ತಾ ಅಂತ ನಾವು ನೋಡಬೇಕು" ಎಂದರು. ಹುಡುಗಿಯ ಕಡೆ ತಿರುಗಿ, "ನಿನ್ನಲ್ಲಿ ತಪ್ಪಾಯ್ತು ಅಂತ ಕೇಳ್ಕೊಳ್ತೀನಮ್ಮ. ನನ್ನ ಜೊತೆ ಕೆಲಸ ಮಾಡ್ತೀಯಾ?" ಎಂದರು.

ಹುಡುಗಿ ತಲೆಯಾಡಿಸಿದಳು. ಹೊರಗೆ ಬಂದು ನನ್ನನ್ನು ನೇರ ನೋಡಿ, "ನಾಕು ದಿನದಿಂದ ಅನ್ನ ಸೇರಿಲ್ಲ ಸಾ ನಂಗೆ. ನನ್ ಕಣ್ಣೇ ಸರಿಗಿಲ್ವೇನೋ ಅಂತ ಅವ್ವನ್ ಕೈಲಿ ಕ್ಯಾಲೆಂಡರ್ ಇಡಿಸ್ಕಂಡು ದೂರದಿಂದ ಓದಿ ನೋಡ್ದೆ" ಎಂದಳು. "ನಾಳೆ ಬೇಗ ಬತ್ತೀನಿ" ಎಂದು ಅವಳೇ ಮಾತು ಮುಗಿಸಿದಳು.

ಶನಿವಾರ ಬೆಳಿಗ್ಗೆ ಕೆಲಸ ಶುರುವಾದದ್ದು ಹಳೆಯ ಕ್ಯಾನಿನಿಂದ. ಅದರ ಬಲ ಎಷ್ಟು, ಅಂದರೆ ಒಂದು ಲೀಟರಿನಲ್ಲಿ ನಿಜವಾಗಿ ಎಷ್ಟು ಕ್ಷಾರ ಇದೆ? ಆಕ್ಸಾಲಿಕ್ ಆಮ್ಲವನ್ನು ಕರಾರುವಾಕ್ಕಾಗಿ ತೂಗಿ ದ್ರಾವಣ ಮಾಡಿ, ಹತ್ತು ಮಿಲಿಲೀಟರ್ ತೆಗೆದು, ಬಣ್ಣ ತಿರುಗುವ ಸೂಚಕ ಎರಡು ಹನಿ ಹಾಕಿ, ಬ್ಯೂರೆಟ್ ಎಂಬ ಅಳತೆಯ ಕೊಳವೆಯಿಂದ ನನ್ನ ಕ್ಷಾರ ಬಿಟ್ಟರು. ಬಲ ಸರಿ ಇದ್ದರೆ ಹತ್ತು ಮಿಲಿಲೀಟರಿಗೇ ಗುಲಾಬಿ ಬಣ್ಣ ನಿಲ್ಲಬೇಕು. ಹತ್ತು ದಾಟಿತು, ಹನ್ನೊಂದು ದಾಟಿತು, ಹನ್ನೆರಡು ಪಾಯಿಂಟ್ ಮೂರಕ್ಕೆ ನಿಂತಿತು. ಅಂದರೆ ಒಂದು ಇರಬೇಕಾದ ಬಲ ಸೊನ್ನೆ ಪಾಯಿಂಟ್ ಎಂಟೊಂದು. ಐದರಲ್ಲಿ ಒಂದು ಪಾಲು ನಾನು ಹೊಯ್ದ ನೀರು.

ಹೈಸ್ಕೂಲು ಮಕ್ಕಳಿಗೆ ಬಿಸಿಯೂಟ ಮಾಡುತ್ತಿದ್ದ ಅಡುಗೆಯಮ್ಮ ಡಿಸ್ಟಿಲ್ಡ್ ವಾಟರ್ ಕಾಸಲು ಗ್ಯಾಸ್ ಕೊಡುತ್ತಿದ್ದವಳು. ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಕಿಟಕಿಯಿಂದ ಇಣುಕಿ, "ಏನಣ್ಣೋ, ನಮ್ ಆಲಿನವ್ನು ನೀರ್ ಬೆರುಸ್ತಾನೆ ಅಂತ ಅವತ್ತು ಅಷ್ಟೊಂದು ಎಗರಾಡ್ದಲ್ಲ. ನೀನು ಅವ್ನಿಗೂ ಮೇಷ್ಟ್ರಾಗ್ಬಿಟ್ಯಲ್ಲಪ್ಪಾ!" ಎಂದಳು. ಮೇಡಂ ನಗು ತಡೆಯಲಾರದೆ ಬೋರ್ಡಿನ ಕಡೆ ತಿರುಗಿದರು. ನಾನೂ ನಕ್ಕೆ. ಎರಡು ದಿನದಲ್ಲಿ ಅದೇ ಮೊದಲು.

ಹುಡುಗಿ ಮಾತ್ರ ಕಾಗದದ ಮೇಲೆ ಏನೋ ಲೆಕ್ಕ ಹಾಕುತ್ತಿದ್ದಳು. "ಮೇಡಂ, ಬಲ ಎಂಟೊಂದು ಅಂತ ಇಟ್ಕಂಡ್ರೆ ನನ್ ಮೊದಲ್ನೇ ದಿನದ್ದು ಐವತ್ತೆರಡೂವರೆ ಆಯ್ತದೆ."

"ಹೌದು. ಉಳಿದದ್ದು?"

"ಬೀಕರ್ ಕುಡ್ಕತ್ತಾ?"

ಮೇಡಂ ಹಣೆ ಒತ್ತಿಕೊಂಡರು. "ಬೀಕರೇ ಕುಡಿದದ್ದು. ಗಾಜು ಬಿಸಿ ಹೀರುತ್ತೆ, ಸುತ್ತಲ ಗಾಳಿಗೂ ಹೋಗುತ್ತೆ. ನಾನು ಅಲ್ಲೇ ಹಿಡಿಯಬೇಕಿತ್ತು. ಬರೀ ಬೀಕರಲ್ಲಿ ಮೂವತ್ತೊಂದು ಜನಕ್ಕೂ ಆರು ಪಾಯಿಂಟ್ ಎಂಟು ಏರೋಕೆ ಸಾಧ್ಯವೇ ಇಲ್ಲ." ನನ್ನ ಕಡೆ ನೋಡಿ, "ನಿಮ್ಮ ಚೀಟಿಯ ಅಂಕಿಗಳನ್ನ ಮೊದಲು ಬರೆದವರು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿದ್ದಾರೆ" ಎಂದರು. ಇಪ್ಪತ್ತು ವರ್ಷ ಕಾಪಾಡಿದ ಅಂಕಿಗಳನ್ನು ಯಾವ ಥರ್ಮಾಮೀಟರೂ ಯಾವತ್ತೂ ತೋರಿಸಿರಲಿಲ್ಲ ಎಂದು ನನಗೆ ಆಗ ತಿಳಿಯಿತು.

ಅವತ್ತೇ ಹೊಸ ಕ್ಷಾರ ಮಾಡಿದೆವು. ಕಾಳುಗಳು ತೇವವಾಗಿದ್ದರೆ ತೂಕವನ್ನು ನಂಬಬಾರದು, ಸ್ವಲ್ಪ ಜಾಸ್ತಿ ಹಾಕಿ, ಅಳೆದು, ಆಮೇಲೆ ಇಳಿಸಬೇಕು ಎಂದರು ಮೇಡಂ. ನಲವತ್ತೈದು ಗ್ರಾಂ ಹಾಕಿದೆವು. ಬಲ ಒಂದು ಪಾಯಿಂಟ್ ಸೊನ್ನೆ ಏಳು ಬಂತು. ಪರೀಕ್ಷೆಗೆ ತೆಗೆದು ಉಳಿದದ್ದು ಒಂಬೈನೂರು ಮಿಲಿಲೀಟರ್. ಅದಕ್ಕೆ ಅರವತ್ಮೂರು ಮಿಲಿಲೀಟರ್ ನೀರು ಸೇರಿಸಿದರೆ ಸರಿಯಾಗಿ ಒಂದು. "ನೀವೇ ಹಾಕಿ" ಎಂದು ಅಳತೆ ಜಾಡಿಯನ್ನು ನನ್ನ ಕೈಗೆ ಕೊಟ್ಟರು. ಅಷ್ಟು ವರ್ಷ ಎಷ್ಟು ಕೊಡ ನೀರು ಹೊಯ್ದಿದ್ದೆನೋ. ಆ ಅರವತ್ಮೂರು ಮಿಲಿಲೀಟರನ್ನು ಜಾಡಿಯ ಗೆರೆಗೆ ಕಣ್ಣು ಹಚ್ಚಿ ಅಳೆದು ಹೊಯ್ದೆ. ಮತ್ತೆ ಟೈಟ್ರೇಟ್ ಮಾಡಿದರು. ಹತ್ತಕ್ಕೆ ಹತ್ತು. ಒಂದೇ ಹನಿಗೆ ಬಣ್ಣ ತಿರುಗಿತು.

ಮುಂದಿನ ತೊಡಕು ಥರ್ಮಾಮೀಟರಿನದು. ಹತ್ತನೇ ಒಂದು ಡಿಗ್ರಿ ತೋರಿಸುವಂಥವು ನಮ್ಮಲ್ಲಿ ಎರಡು ಇದ್ದವು. ಆಮ್ಲಕ್ಕೊಂದು, ಕ್ಷಾರಕ್ಕೊಂದು ಬಳಸುವುದು ರೂಢಿ. ಎರಡನ್ನೂ ಒಂದೇ ಲೋಟದ ನೀರಿನಲ್ಲಿ ಅದ್ದಿದರೆ ಸೊನ್ನೆ ಪಾಯಿಂಟ್ ನಾಲ್ಕು ವ್ಯತ್ಯಾಸ. ಯಾವುದು ಸರಿ? ಕರಗುವ ಐಸಿನಲ್ಲಿ ಸೊನ್ನೆ ತೋರಿಸುವುದು ಸರಿ ಎಂದರು ಮೇಡಂ. ಸೋಮವಾರ ಐಸ್ ತರಲು ನಾನೇ ಹೊಳೆ ಹತ್ತಿರದ ಮೀನಿನ ಅಂಗಡಿಗೆ ಹೋದೆ. ಅಂಗಡಿಯವನು ಹೊಟ್ಟಿನ ಮೂಟೆಯೊಳಗಿಂದ ಒಂದು ಗಡ್ಡೆ ಎತ್ತಿ, ಚೀಲಕ್ಕೆ ಭತ್ತದ ಹೊಟ್ಟು ಸುರಿದು ಅದರೊಳಗೆ ಹೂತುಕೊಟ್ಟ.

ಬಿಸಿಲಲ್ಲಿ ನಡೆದು ಬಂದೆ. ಚೀಲ ಬಿಚ್ಚಿದಾಗ ಅಡುಗೆಯಮ್ಮ ಮೂಗು ಮುಚ್ಚಿಕೊಂಡು, "ಇವತ್ತು ಲ್ಯಾಬಲ್ಲಿ ಮೀನ್ ಸಾರಾ? ನಂಗೊಂದು ಬಟ್ಲು ಎತ್ತಿಡ್ರಪ್ಪ" ಎಂದಳು. ನಾನು ಮಾತ್ರ ಐಸನ್ನೇ ನೋಡುತ್ತಿದ್ದೆ. ಅಷ್ಟು ದೂರ ಬಂದರೂ ಅಂಚು ಕೂಡ ಕರಗಿರಲಿಲ್ಲ. "ಮೇಡಂ, ಹೊಟ್ಟು ಹೊರಗಿನ ಬಿಸಿ ಒಳಕ್ಕೆ ಬಿಟ್ಟಿಲ್ಲ. ಒಳಗಿನ ಬಿಸಿ ಹೊರಕ್ಕೂ ಬಿಡಲ್ಲ ಅಲ್ವಾ?"

ಮೇಡಂ ನನ್ನನ್ನು, ಆಮೇಲೆ ಚೀಲವನ್ನು ನೋಡಿದರು. "ಅಟೆಂಡರ್ ಅವರೇ, ಅಕ್ಕಿ ಗಿರಣಿ ಎಷ್ಟು ದೂರ?"

ಐದು ನಿಮಿಷದ ದಾರಿ. ಎರಡು ಮೂಟೆ ತಂದೆ. ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ಹೊಟ್ಟು ಬಿಗಿದು, ನಡುವೆ ತೆಳು ಸ್ಟೀಲ್ ಲೋಟ ಕೂರಿಸಿ, ರಟ್ಟಿನ ಮುಚ್ಚಳಕ್ಕೆ ಎರಡು ತೂತು ಮಾಡಿದೆ. ಒಂದು ಥರ್ಮಾಮೀಟರಿಗೆ, ಒಂದು ಕಲಕುವ ತಂತಿಗೆ. ಐಸಿನಲ್ಲಿ ಸೊನ್ನೆ ತೋರಿಸಿದ ಥರ್ಮಾಮೀಟರ್ ಒಂದನ್ನೇ ಎರಡಕ್ಕೂ ಬಳಸುವುದು, ನಡುವೆ ತೊಳೆದು ಒರೆಸುವುದು ಎಂದು ತೀರ್ಮಾನವಾಯಿತು.

ಆದರೆ ಆ ಲೋಟವೂ ಸ್ವಲ್ಪ ಬಿಸಿ ಹೀರುತ್ತದೆ. ಎಷ್ಟು ಎಂದು ತಿಳಿಯಲು ತಣ್ಣೀರಿಗೆ ಬಿಸಿನೀರು ಬೆರೆಸಿ ನೋಡಬೇಕು. ಮಂಗಳವಾರ ಇಡೀ ಇದರಲ್ಲೇ ಹೋಯಿತು. ಮೂರು ಸಲ ಮಾಡಿದರೂ ಲೆಕ್ಕ ತಲೆಕೆಳಗಾಗಿ ಬರುತ್ತಿತ್ತು. ಲೋಟ ಬಿಸಿ ಹೀರುವ ಬದಲು ತಾನೇ ಬಿಸಿ ಕೊಡುತ್ತಿದೆ ಎಂಬ ಉತ್ತರ. ಹುಡುಗಿಯ ಮುಖ ಮತ್ತೆ ಸಣ್ಣಗಾಯಿತು. "ನನ್ ಕೈಗುಣವೇ ಇಂಗೆ" ಎಂದಳು. ರೆಕಾರ್ಡಿಗೆ ನಾಲ್ಕು ದಿನ ಉಳಿದಿತ್ತು.

ನಾಲ್ಕನೆಯ ಸಲ ನಾನು ಅವಳ ಕೈಯನ್ನಲ್ಲ, ಥರ್ಮಾಮೀಟರನ್ನು ನೋಡುತ್ತಾ ನಿಂತೆ. ಬಿಸಿನೀರಿಗೆ ಇಳಿಸಿದ ಕೂಡಲೇ ಅವಳು ಓದಿ, ಎತ್ತಿ, ಸುರಿಯುತ್ತಿದ್ದಳು. ನೀರು ಆರಿಹೋಗುತ್ತದೆ ಎಂಬ ಆತುರ. ಆದರೆ ಆ ದಪ್ಪ ಗಾಜಿನ ಥರ್ಮಾಮೀಟರ್ ನಿಧಾನ. ವರ್ಷಗಟ್ಟಲೆ ಅದನ್ನು ತೊಳೆದು ಒರೆಸಿದವನಿಗೆ ಅದರ ಸೋಮಾರಿತನ ಗೊತ್ತು.

"ತಡ್ಕೊಳವ್ವ. ಅದು ಇನ್ನೂ ಮೇಲಕ್ಕೆ ಹೋಗ್ತಾ ಇದೆ. ನೀನು ಅರ್ಧ ದಾರೀಲಿ ಓದ್ತಿದ್ದೀಯ. ಇಪ್ಪತ್ತು ಎಣಿಸಿ ಆಮೇಲೆ ಓದು."

ಎಣಿಸಿದಳು. ನಲವತ್ತೇಳು. ತಣ್ಣೀರು ಇಪ್ಪತ್ತೇಳು. ಬೆರೆತದ್ದು ಮೂವತ್ತಾರೂವರೆ. ಮೇಡಂ ಲೆಕ್ಕ ಹಾಕಿದರು: ಲೋಟ ಒಂದೊಂದು ಡಿಗ್ರಿಗೂ ನಲವತ್ತನಾಲ್ಕು ಜೌಲ್ ಹೀರುತ್ತದೆ. ಇನ್ನೊಂದು ಸಲ ಮಾಡಿದಾಗಲೂ ಸುಮಾರಾಗಿ ಅಷ್ಟೇ ಬಂತು. "ಇದು ಮಾತು!" ಎಂದರು ಮೇಡಂ. ಅವರ ಬಾಯಲ್ಲಿ ಅಂಥ ಉದ್ಗಾರ ನಾನು ಕೇಳಿರಲಿಲ್ಲ.

ಬುಧವಾರ ಮಧ್ಯಾಹ್ನ ನಿಜವಾದ ಪ್ರಯೋಗ. ಸುದ್ದಿ ಹರಡಿ ಕಿಟಕಿಯ ತುಂಬ ತಲೆಗಳು. ಹುಡುಗಿ ಲೋಟಕ್ಕೆ ಆಮ್ಲ ಅಳೆದು ಹಾಕಿದಳು. ಇಪ್ಪತ್ತು ಎಣಿಸಿ ಓದಿದಳು: ಇಪ್ಪತ್ತಾರು ಪಾಯಿಂಟ್ ಎಂಟು. ಥರ್ಮಾಮೀಟರ್ ತೊಳೆದು, ಒರೆಸಿ, ಕ್ಷಾರಕ್ಕೆ ಇಟ್ಟಳು. ಅದೂ ಇಪ್ಪತ್ತಾರು ಪಾಯಿಂಟ್ ಎಂಟು. ಎರಡನ್ನೂ ಬೆಳಿಗ್ಗೆಯಿಂದ ಒಂದೇ ಬಕೆಟ್ ನೀರಿನಲ್ಲಿ ನಿಲ್ಲಿಸಿದ್ದೆವು. ಕ್ಷಾರ ಸುರಿದು, ಮುಚ್ಚಳ ಹಾಕಿ, ತಂತಿಯನ್ನು ಮೇಲೆ ಕೆಳಗೆ ಆಡಿಸತೊಡಗಿದಳು.

ಪಾದರಸ ಮೂವತ್ತು ದಾಟಿತು. ಮೂವತ್ತೆರಡು. ಅಲ್ಲಿಂದ ನಿಧಾನವಾಯಿತು. ಮೂವತ್ಮೂರಕ್ಕೆ ಬಂದು ಕೊಸರಾಡಿತು. ಮೂವತ್ಮೂರು ಪಾಯಿಂಟ್ ಎರಡು. ಅವಳು ಕಲಕುತ್ತಲೇ ಇದ್ದಳು. ನಿಂತಿತು. ಒಂದು ನಿಮಿಷ ಕಳೆದರೂ ಇಳಿಯಲಿಲ್ಲ. ಹೊಟ್ಟು ಬಿಸಿಯನ್ನು ಹಿಡಿದುಕೊಂಡಿತ್ತು.

"ಆರು ಪಾಯಿಂಟ್ ನಾಕು ಏರ್ತು ಮೇಡಂ."

"ಲೆಕ್ಕ ಹಾಕು. ಲೋಟದ್ದು ಸೇರಿಸು."

ಬೋರ್ಡಿನ ಮೇಲೆ ಅವಳೇ ಹಾಕಿದಳು. ಕೊನೆಯ ಸಾಲು ಬರೆಯುವಾಗ ಸೀಮೆಸುಣ್ಣ ಮುರಿಯಿತು. ಉಳಿದ ತುಂಡಿನಲ್ಲೇ ಬರೆದಳು: ಐವತ್ತಾರು ಪಾಯಿಂಟ್ ಮೂರು.

ಕಿಟಕಿಯ ಹೊರಗಿನವರು ಕೂಗಿದ ಕೂಗಿಗೆ ಪ್ರಿನ್ಸಿಪಾಲರೇ ಓಡಿ ಬಂದರು. ಥರ್ಮಾಮೀಟರಿಗೆ ಚಳಿ ಜ್ವರ ಎಂದಿದ್ದ ಹುಡುಗನೇ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕಿದ್ದ. ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಬಂದು, "ಏನಾಯ್ತು, ಏನಾದ್ರೂ ಸಿಡೀತಾ?" ಎಂದಳು. ಇನ್ನೆರಡು ಸಲ ಮಾಡಿದೆವು. ಐವತ್ತೇಳು ಪಾಯಿಂಟ್ ಎರಡು, ಐವತ್ತಾರು ಪಾಯಿಂಟ್ ಮೂರು. ಗಿರಣಿಯ ಹೊಟ್ಟು, ಬಿಸ್ಕತ್ತಿನ ಡಬ್ಬ, ಟೀ ಕುಡಿಯುವ ಲೋಟ. ಪುಸ್ತಕದ ಉತ್ತರ ನಮ್ಮ ಮೇಜಿನ ಮೇಲೆ ತಾನಾಗಿ ಬಂದು ನಿಂತಿತ್ತು.

ಗುರುವಾರ, ಶುಕ್ರವಾರ ಉಳಿದ ಮೂವತ್ತೊಂದು ಜನ ಮಾಡಿದರು. ಎಂಟು ಡಬ್ಬ ತಯಾರು ಮಾಡಿದ್ದೆ. ಹುಡುಗಿ ಮೇಜಿನಿಂದ ಮೇಜಿಗೆ ಹೋಗಿ, "ಎಣ್ಸು, ಎಣ್ಸು, ಇಪ್ಪತ್ತಾಗೋ ಗಂಟ ಓದ್ಬೇಡ" ಎಂದು ಗದರುತ್ತಿದ್ದಳು.

"ಸಾ, ಚೀಟಿ ಇದ್ದಿದ್ರೆ ಇಷ್ಟೊತ್ಗೆ ಮನೇಲಿರ್ತಿದ್ವಿ" ಎಂದ ಒಬ್ಬ.

"ಮನೇಲೇನ್ ಮಾಡ್ತಿದ್ದೆ, ದನ ಕಾಯ್ತಿದ್ಯಾ? ಕಲಕ್ಲಾ ಸುಮ್ನೆ" ಎಂದ ಅವನ ಪಕ್ಕದವನು.

ಒಬ್ಬನಿಗೆ ಐವತ್ನಾಲ್ಕು, ಒಬ್ಬಳಿಗೆ ಐವತ್ತೆಂಟು, ಉಳಿದವರು ನಡುವೆ. ಎಲ್ಲರದೂ ಹೆಚ್ಚುಕಡಿಮೆ ಬೇರೆ ಬೇರೆ, ಎಲ್ಲದಕ್ಕೂ ಮೇಡಂ ಸಹಿ ಹಾಕಿದರು. ಕೊನೆಗೆ ಒಂದು ಡಬ್ಬ ಖಾಲಿ ಇತ್ತು. ಹುಡುಗಿ ಅದನ್ನು ನನ್ನ ಮುಂದೆ ತಳ್ಳಿ, "ನೀವು ಮಾಡಿ ಸಾ" ಎಂದಳು. ಅಷ್ಟು ವರ್ಷ ಲ್ಯಾಬಿನಲ್ಲಿದ್ದು ಒಂದು ಪ್ರಯೋಗವನ್ನೂ ಮೊದಲಿಂದ ಕೊನೆಯವರೆಗೆ ನಾನು ಮಾಡಿರಲಿಲ್ಲ. ಕನ್ನಡಕ ಒರೆಸಿಕೊಂಡು ಮಾಡಿದೆ. ಆರು ಪಾಯಿಂಟ್ ಮೂರು ಏರಿತು. ಲೆಕ್ಕವನ್ನು ಅವಳು ಹೇಳಿಕೊಟ್ಟಳು: ಐವತ್ತೈದು ಪಾಯಿಂಟ್ ನಾಲ್ಕು. ಎಸ್ಸೆಸ್ಸೆಲ್ಸಿ ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಶನಿವಾರ ಸಂಜೆ ಕೊನೆಗೆ ಉಳಿದದ್ದು ಅವಳ ಪುಸ್ತಕ. ಹೊಸ ಪುಟ ಬರೆದಿದ್ದಳು. ಹಳೆಯ ನಲವತ್ತೆರಡು ಪಾಯಿಂಟ್ ಆರರ ಪುಟ ಅದರ ಹಿಂದೆ ಹಾಗೆಯೇ ಇತ್ತು.

"ಮೇಡಂ, ಹಳೇ ಪುಟ ಹೊಡೆದಾಕ್ಬುಡ್ಲಾ?"

"ಬೇಡ" ಎಂದರು ಮೇಡಂ. ಮೊದಲು ಹಳೆಯ ಪುಟವನ್ನೇ ತೆರೆದರು. ಕೆಂಪು ಶಾಯಿಯಲ್ಲಿ ಬರೆದರು: 'ಓದಿದ್ದು ಸರಿ. ಕ್ಷಾರದ ಬಲ ೦.೮೧ ಇತ್ತು.' ಅದರ ಕೆಳಗೆ ಸಹಿ ಹಾಕಿದರು. ಆಮೇಲೆ ಹೊಸ ಪುಟಕ್ಕೆ ಸಹಿ. ಆಮೇಲೆ ಮೊದಲ ಹಾಳೆಗೆ ತಿರುಗಿಸಿ ಸರ್ಟಿಫಿಕೇಟ್ ತುಂಬಿ, ಸೀಲು ಒತ್ತಲು ನನ್ನ ಕೈಗೆ ಕೊಟ್ಟರು. ಒತ್ತಿದೆ.

ಹುಡುಗಿ ಕೆಂಪು ಸಾಲನ್ನು ಎರಡು ಸಲ ಓದಿದಳು. ಪುಸ್ತಕವನ್ನು ಎದೆಗೆ ಒತ್ತಿಕೊಂಡು, "ಮೇಡಂ, ಇದ ಒಂದ್ ಸಲ ಮನೇಲಿ ತೋರ್ಸಿ ಸೋಮಾರ ತಂದ್ಕೊಡ್ಲಾ?" ಎಂದಳು. ಆಗಲಿ, ಆದರೆ ಸೋಮವಾರ ತಪ್ಪದೆ ತರಬೇಕು ಎಂದರು ಮೇಡಂ.

ಸೋಸಲೆ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅವಳು ಓಡಿದಳು.